ತಬ್ಬಲಿ ಮರಿಗೆ ಸಾಕುತಾಯಿ: ನೀರುನಾಯಿಗಳನ್ನು ಮತ್ತೆ ಕಡಲಿಗೆ ಕಳಿಸುವ ಅಕ್ವೇರಿಯಂ

ಅಕ್ವೇರಿಯಂ ಎಂದರೆ ಗಾಜಿನ ತೊಟ್ಟಿ, ಬಣ್ಣದ ಮೀನು, ಟಿಕೆಟ್ ಸಾಲು. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಾಂಟೆರೆ ಬೇ ಅಕ್ವೇರಿಯಂನ ದೊಡ್ಡ ಸಾಧನೆ ಪ್ರೇಕ್ಷಕರ ಕಣ್ಣಿಗೆ ಬೀಳುವುದೇ ಇಲ್ಲ. ಅದು ತಬ್ಬಲಿ ನೀರುನಾಯಿ ಮರಿಗಳನ್ನು ಸಾಕಿ, ಮತ್ತೆ ಕಡಲಿಗೆ ಬಿಡುವ ಕೆಲಸ.

ಕಡಲ ನೀರುನಾಯಿ ನಮ್ಮ ಕಾವೇರಿ, ತುಂಗಭದ್ರಾ ನದಿಗಳ ನೀರುನಾಯಿಯ ಸಂಬಂಧಿ. ಮೈತುಂಬ ದಟ್ಟ ತುಪ್ಪಳ ಇರುವುದೇ ಅದಕ್ಕೆ ಮುಳುವಾಯಿತು. ತುಪ್ಪಳಕ್ಕಾಗಿ ನಡೆದ ಬೇಟೆಯಿಂದ ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಾಣಿ ಅಳಿದೇ ಹೋಯಿತು ಎಂದು ಭಾವಿಸಲಾಗಿತ್ತು. 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಸುಮಾರು 50 ನೀರುನಾಯಿಗಳ ಗುಂಪೊಂದು ಕಾಣಿಸಿತು. ಈಗ ಅಲ್ಲಿ ಸುಮಾರು 3,000 ಇವೆ.

ಮನುಷ್ಯನ ಪ್ರೀತಿಯೇ ಅಡ್ಡಿ

ಅಕ್ವೇರಿಯಂ ಶುರುವಾದದ್ದು 1984ರಲ್ಲಿ. ಅಂದಿನಿಂದಲೂ ದಡಕ್ಕೆ ಬಂದು ಬಿದ್ದ ಮರಿಗಳನ್ನು ಅಲ್ಲಿ ಆರೈಕೆ ಮಾಡಲಾಗುತ್ತಿದೆ. ಮೊದಮೊದಲು ಸಿಬ್ಬಂದಿಯೇ ಹಾಲುಣಿಸಿ, ಜತೆಗೆ ಈಜಿ ಬೆಳೆಸುತ್ತಿದ್ದರು. ಆದರೆ ಹಾಗೆ ಬೆಳೆದ ಮರಿಗಳು ಕಡಲಿಗೆ ಹೋದ ಮೇಲೂ ಮನುಷ್ಯರನ್ನೇ ಹುಡುಕಿಕೊಂಡು ಬರುತ್ತಿದ್ದವು.

2001ರಲ್ಲಿ ದಾರಿಯೊಂದು ಸಿಕ್ಕಿತು. ಕಾಡಿಗೆ ಮರಳಲಾಗದೆ ಅಕ್ವೇರಿಯಂನಲ್ಲೇ ಉಳಿದಿದ್ದ ಟೂಲಾ ಎಂಬ ಹೆಣ್ಣು ನೀರುನಾಯಿ, ತನ್ನದಲ್ಲದ ಮರಿಯೊಂದನ್ನು ತನ್ನದೇ ಎಂಬಂತೆ ಸಾಕಿತು. ಚಿಪ್ಪು ಒಡೆಯುವುದು, ಏಡಿ ಹಿಡಿಯುವುದು, ತುಪ್ಪಳ ಶುಚಿಯಾಗಿಟ್ಟುಕೊಳ್ಳುವುದು ಎಲ್ಲವನ್ನೂ ಮರಿ ಅದನ್ನು ನೋಡಿಯೇ ಕಲಿಯಿತು.

ಈಗಲೂ ಇದೇ ಪದ್ಧತಿ. ಮೊದಲ ಕೆಲವು ವಾರ ಸಿಬ್ಬಂದಿ ಬಾಟಲಿ ಹಾಲು ಕೊಡುತ್ತಾರೆ. ಆಗ ಕಪ್ಪು ಹೊದಿಕೆ, ವೆಲ್ಡಿಂಗ್ ಮುಖವಾಡ ಧರಿಸುತ್ತಾರೆ. ಮರಿಗೆ ಮನುಷ್ಯನ ಮುಖ ಪರಿಚಯವಾಗಬಾರದು ಎಂಬುದೇ ಇದರ ಉದ್ದೇಶ. ಆಮೇಲೆ ಸಾಕುತಾಯಿಯ ಸರದಿ. ಬೆಳೆದ ಮರಿಯನ್ನು ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಬಿಡುತ್ತಾರೆ. ಅದು ಸೊರಗಿದರೆ ಮತ್ತೆ ಹಿಡಿದು ತಂದು ಆರೈಕೆ ಮಾಡುತ್ತಾರೆ.

ಅಳಿವೆಯೂ ಚೇತರಿಸಿತು

2002ರಿಂದ 2016ರವರೆಗೆ ಹೀಗೆ ಬೆಳೆದ 37 ಮರಿಗಳನ್ನು ಹತ್ತಿರದ ಎಲ್ಕ್‌ಹಾರ್ನ್ ಸ್ಲೂ ಅಳಿವೆಗೆ ಬಿಡಲಾಯಿತು. ಅವು ಕಡಲಲ್ಲೇ ಹುಟ್ಟಿ ಬೆಳೆದವುಗಳಷ್ಟೇ ಚೆನ್ನಾಗಿ ಬದುಕಿದವು. ಆ ಅವಧಿಯಲ್ಲಿ ಅಲ್ಲಿ ಹೆಚ್ಚಿದ ನೀರುನಾಯಿಗಳ ಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇವುಗಳದ್ದು ಮತ್ತು ಇವುಗಳ ಸಂತತಿಯದ್ದು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಲಾಭ ಅಷ್ಟಕ್ಕೇ ನಿಲ್ಲಲಿಲ್ಲ. ಅಳಿವೆಯ ಏಡಿಗಳು ದಂಡೆಯಲ್ಲಿ ಬಿಲ ತೋಡಿ, ಜೌಗು ಗಿಡಗಳ ಬೇರು ತಿನ್ನುತ್ತವೆ. ಇದರಿಂದ ಮಣ್ಣು ಕುಸಿಯುತ್ತಿತ್ತು. ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನುವ ನೀರುನಾಯಿಗೆ ಈ ಏಡಿಗಳೇ ಊಟ. ನೀರುನಾಯಿಗಳು ಹೆಚ್ಚಿದ ಕೆಲವೆಡೆ ದಂಡೆಯ ಕೊರೆತ ಶೇ. 90ರವರೆಗೆ ತಗ್ಗಿದೆ ಎಂದು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ತಿಳಿಸಿದೆ.

ಸವಾಲು ಮುಗಿದಿಲ್ಲ

ಸಾಕುತಾಯಿಯಾಗಬಲ್ಲ ಹೆಣ್ಣು ನೀರುನಾಯಿಗಳು ಬೆರಳೆಣಿಕೆಯಷ್ಟು. ಒಂದೊಂದು ಮರಿಗೂ ತಿಂಗಳುಗಟ್ಟಲೆ ಆರೈಕೆ ಬೇಕು. ಹೀಗಾಗಿ ಲಾಂಗ್ ಬೀಚ್‌ನ ಅಕ್ವೇರಿಯಂ ಆಫ್ ದಿ ಪೆಸಿಫಿಕ್ ಕೂಡ ಈ ಕೆಲಸಕ್ಕೆ ಕೈಜೋಡಿಸಿದೆ. ಕಡಲಲ್ಲಿ ಶಾರ್ಕ್ ಕಡಿತದಿಂದ ಸಾಯುವ ನೀರುನಾಯಿಗಳೂ ಬಹಳ.

ಅಕ್ವೇರಿಯಂಗಳು ವರ್ಷದ ಕೊನೆಗೆ ಎಷ್ಟು ಜನ ಬಂದರು ಎಂದು ಲೆಕ್ಕ ಹಾಕುವುದು ರೂಢಿ. ಎಷ್ಟು ಪ್ರಾಣಿಗಳು ಹೊರಟು ಹೋದವು, ಹೋದವು ಬದುಕಿದವೇ ಎಂಬ ಲೆಕ್ಕವೂ ಅಷ್ಟೇ ಮುಖ್ಯ ಎಂಬುದನ್ನು ಈ 37 ಮರಿಗಳು ತೋರಿಸಿವೆ.