ವೆಬ್ ತಂತ್ರಾಂಶದ ಬಿಡಿಭಾಗಗಳು: ಸ್ಲೈಡರ್ ಕಲಿಸುವ ಪಾಠ

ಅಂತರ್ಜಾಲ ಮಳಿಗೆಗಳಲ್ಲಿ ಗೆರೆಯೊಂದರ ಮೇಲೆ ಎರಡು ಗುಂಡಿಗಳನ್ನು ಸರಿಸಿ ಗ್ರಾಹಕನು ಕನಿಷ್ಠ ಹಾಗೂ ಗರಿಷ್ಠ ಬೆಲೆಯನ್ನು ಆರಿಸುವ ಸಾಧನವೇ ‘ಸ್ಲೈಡರ್’. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್5 ಮಾನಕದಲ್ಲಿ ಸ್ಲೈಡರ್ ಇದೆಯಾದರೂ ಅದಕ್ಕಿರುವುದು ಒಂದೇ ಗುಂಡಿ. ಆದುದರಿಂದ ಎರಡು ಗುಂಡಿಗಳ ಸ್ಲೈಡರನ್ನು ತಂತ್ರಜ್ಞರೇ ರಚಿಸಬೇಕಾಗುತ್ತದೆ.

ಪ್ರತಿ ಜಾಲತಾಣಕ್ಕೂ ಇದನ್ನು ಹೊಸದಾಗಿ ರಚಿಸುವುದೆಂದರೆ ಪ್ರತಿ ಯಂತ್ರಕ್ಕೂ ಬೇರೆ ಅಳತೆಯ ಬೋಲ್ಟ್ ತಯಾರಿಸಿದಂತೆ. ಒಮ್ಮೆ ರೂಪಿಸಿದ ಭಾಗವು ಎಲ್ಲೆಡೆ ಹೊಂದಬೇಕಾದರೆ ಬೆಲೆಯ ಮಿತಿಗಳನ್ನೂ, ಪ್ರತಿ ಸರಿತಕ್ಕೆ ಬೆಲೆ ಎಷ್ಟು ಬದಲಾಗಬೇಕೆಂಬುದನ್ನೂ ಬಳಸುವವರೇ ನಿಗದಿಪಡಿಸುವಂತಿರಬೇಕು. ಮೌಸ್, ಬೆರಳು, ಕೀಲಿಮಣೆ ಮೂರರಿಂದಲೂ ಗುಂಡಿ ಸರಿಯಬೇಕು. ಇಲ್ಲವಾದರೆ ಕೀಲಿಮಣೆಯನ್ನೇ ಅವಲಂಬಿಸಿರುವ ದೃಷ್ಟಿಹೀನ ಗ್ರಾಹಕರು ಹೊರಗುಳಿಯುತ್ತಾರೆ.

ಇಂತಹ ಭಾಗಗಳನ್ನು ‘ಎನ್‌ಪಿಎಂ’ ಎಂಬ ಸಾರ್ವಜನಿಕ ಭಂಡಾರದಲ್ಲಿ ಪ್ರಕಟಿಸುವುದು ರೂಢಿ. ಆವೃತ್ತಿಯ ಸಂಖ್ಯೆ 2.4.1 ಎಂದಿದ್ದರೆ ಕೊನೆಯ ಅಂಕಿ ದೋಷ ನಿವಾರಣೆಯನ್ನೂ, ನಡುವಿನದು ಹೊಸ ಸೌಲಭ್ಯವನ್ನೂ, ಮೊದಲಿನದು ಹಳೆಯದಕ್ಕೆ ಹೊಂದದ ಬದಲಾವಣೆಯನ್ನೂ ಸೂಚಿಸುತ್ತದೆ. ಅನೇಕ ಭಾಗಗಳಿಗೆ ಎಂಐಟಿ ಪರವಾನಗಿಯಿದ್ದು, ವಾಣಿಜ್ಯ ಬಳಕೆಗೂ ಶುಲ್ಕವಿಲ್ಲ. ಆದರೆ ಯಾವುದೇ ಖಾತರಿಯೂ ಇಲ್ಲ.

ಈ ಖಾತರಿಯಿಲ್ಲದ ಸ್ಥಿತಿಯ ಪರಿಣಾಮ 2016ರ ಮಾರ್ಚ್‌ನಲ್ಲಿ ಗೋಚರಿಸಿತು. ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲುಗಳ ಪುಟ್ಟ ಭಾಗವನ್ನು ಅದರ ಕರ್ತೃ ಭಂಡಾರದಿಂದ ಹಿಂತೆಗೆದುಕೊಂಡೊಡನೆ ಅದನ್ನು ಅವಲಂಬಿಸಿದ್ದ ಅಸಂಖ್ಯ ತಂತ್ರಾಂಶಗಳ ನಿರ್ಮಾಣ ಸ್ಥಗಿತಗೊಂಡಿತು. ಭಂಡಾರದವರು ಅದನ್ನು ಮರಳಿ ಸ್ಥಾಪಿಸಿ, ಹಿಂತೆಗೆತದ ನಿಯಮಗಳನ್ನು ಬಿಗಿಗೊಳಿಸಿದರು.

ಆದುದರಿಂದ ಜಾಲತಾಣ ಮಾಡಿಸುವ ಉದ್ಯಮಿಗಳು ಅಂತಿಮ ಹಣ ಪಾವತಿಸುವ ಮುನ್ನವೇ ಬಳಸಿದ ಭಾಗಗಳ ಪಟ್ಟಿ, ಅವುಗಳ ಆವೃತ್ತಿ, ಪರವಾನಗಿ ಹಾಗೂ ಮೂಲಸಂಕೇತದ ಒಂದು ಪ್ರತಿಯನ್ನು ಪಡೆದಿಟ್ಟುಕೊಳ್ಳುವುದು ಲೇಸು.