ಗೋದಾಮಿನಲ್ಲಿ ಸದ್ದಿಲ್ಲದೆ ಕರಗುವ ಬಂಡವಾಳ
(ರಾಸಾಯನಿಕ ಕ್ರಿಯೆಯ ವೇಗ ಮತ್ತು ನಮ್ಮ ದಾಸ್ತಾನು)

ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆಂದು ಒಮ್ಮೆ ಗೋದಾಮೊಂದಕ್ಕೆ ಹೋಗಿದ್ದೆ. ತಗಡಿನ ಚಾವಣಿಯ ಕೆಳಗೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಕ್ಯಾನುಗಳು ಸಾಲಾಗಿದ್ದವು. ಎಣಿಕೆಯು ಪುಸ್ತಕಕ್ಕೆ ಸರಿಹೊಂದಿತು. ಆದರೆ ಮುಂದೆ ಖರೀದಿದಾರರು ಪರೀಕ್ಷಿಸಿದಾಗ ದ್ರಾವಣದ ಕ್ಲೋರಿನ್ ಅಂಶ ಬಹಳಷ್ಟು ಕುಸಿದಿತ್ತು, ಸರಕು ಹಿಂದಿರುಗಿತು. ಕಳವಾಗಿರಲಿಲ್ಲ, ಸೋರಿರಲಿಲ್ಲ. ಬೇಸಿಗೆಯ ಬಿಸಿಯಲ್ಲಿ ದ್ರಾವಣವು ತಾನಾಗಿಯೇ ವಿಘಟನೆ ಹೊಂದಿತ್ತು.

ಪದಾರ್ಥದ ಕಣಗಳು ಸಾಕಷ್ಟು ಶಕ್ತಿಯೊಡನೆ ಪರಸ್ಪರ ಡಿಕ್ಕಿ ಹೊಡೆದಾಗ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಇಂಥ ಡಿಕ್ಕಿಗಳು ಹೆಚ್ಚಿದಷ್ಟೂ ಕ್ರಿಯೆಯ ವೇಗ ಹೆಚ್ಚುತ್ತದೆ. ಇದನ್ನು ನಿರ್ಧರಿಸುವ ನಾಲ್ಕು ಮುಖ್ಯ ಅಂಶಗಳನ್ನು ವರ್ತಕರೂ ಅರಿತಿರುವುದು ಒಳಿತು.

ಉಷ್ಣತೆ: ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅನೇಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ, 20 ಡಿಗ್ರಿ ಏರಿದರೆ ನಾಲ್ಕು ಪಟ್ಟು. ಇದು ಚಕ್ರಬಡ್ಡಿಯ ಲೆಕ್ಕ.

ಸಾರತೆ: ಹೈಪೋಕ್ಲೋರೈಟ್ ದ್ರಾವಣ ಗಾಢವಾಗಿದ್ದಷ್ಟೂ ಬೇಗ ಕೆಡುತ್ತದೆ. ಕುರುಕಲು ತಿಂಡಿಯ ಪೊಟ್ಟಣಕ್ಕೆ ನೈಟ್ರೋಜನ್ ತುಂಬುವುದೂ ಇದೇ ತತ್ವದಿಂದ. ಆಮ್ಲಜನಕ ಕಡಿಮೆಯಾದರೆ ಎಣ್ಣೆಯ ಅಂಶ ಕಮಟಾಗುವುದು ನಿಧಾನವಾಗುತ್ತದೆ.

ಮೇಲ್ಮೈ ವಿಸ್ತೀರ್ಣ: ಪುಡಿ ನುಣುಪಾದಷ್ಟೂ ಗಾಳಿಗೆ ಒಡ್ಡಿಕೊಳ್ಳುವ ಮೇಲ್ಮೈ ಹೆಚ್ಚು. ಸಕ್ಕರೆಯ ಮೂಟೆ ಸಾಧು ಸರಕು; ಆದರೆ ಗಾಳಿಯಲ್ಲಿ ತುಂಬಿದ ಸಕ್ಕರೆಯ ಧೂಳು ಸಿಡಿಮದ್ದಿಗೆ ಸಮ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಇಂಥ ಧೂಳು ಸ್ಫೋಟಿಸಿ 14 ಮಂದಿ ಮೃತಪಟ್ಟರು. ಹಿಟ್ಟಿನ ಗಿರಣಿ, ಮಸಾಲೆ ಘಟಕಗಳವರು ಇದನ್ನು ನೆನಪಿಡಬೇಕು. ನೆಲ, ತೊಲೆಗಳ ಮೇಲಿನ ಧೂಳನ್ನು ತೆಗೆಸುವುದು ಕೇವಲ ಶುಚಿತ್ವದ ವಿಷಯವಲ್ಲ.

ಕ್ರಿಯಾವರ್ಧಕಗಳು: ತಾನು ವ್ಯಯವಾಗದೆ ಕ್ರಿಯೆಯನ್ನು ತ್ವರಿತಗೊಳಿಸುವ ವಸ್ತುವೇ ಕ್ರಿಯಾವರ್ಧಕ. ಅತ್ಯಲ್ಪ ಪ್ರಮಾಣದ ತಾಮ್ರ, ಕಬ್ಬಿಣಗಳು ಖಾದ್ಯತೈಲವನ್ನು ಬೇಗ ಕೆಡಿಸುತ್ತವೆ; ತುಕ್ಕುಹಿಡಿದ ಪೀಪಾಯಿ ಅಗ್ಗವೆನಿಸಿದರೂ ದುಬಾರಿ. ಇದಕ್ಕೆ ವಿರುದ್ಧವಾಗಿ ಕ್ರಿಯೆಯನ್ನು ತಡೆಯುವ ಪ್ರತಿಬಂಧಕಗಳೂ ಇವೆ.

ಪ್ರತಿಬಂಧಕ ಹಾಗೂ ಶೀತಲೀಕರಣಗಳನ್ನು ಅಲಕ್ಷಿಸಿದರೆ ಏನಾಗುವುದೆಂಬುದಕ್ಕೆ ವಿಶಾಖಪಟ್ಟಣವೇ ಸಾಕ್ಷಿ. ಲಾಕ್‌ಡೌನ್‌ನಿಂದ ಸ್ಥಗಿತಗೊಂಡಿದ್ದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ 2020ರ ಮೇ 7ರ ಮುಂಜಾನೆ ಸ್ಟೈರೀನ್ ಅನಿಲ ಸೋರಿ 12 ಮಂದಿ ಅಸುನೀಗಿದರು. ಸ್ಟೈರೀನ್‌ನ ಕಣಗಳು ತಾವಾಗಿಯೇ ಬೆಸೆದುಕೊಳ್ಳುವಾಗ ಶಾಖ ಹೊಮ್ಮುತ್ತದೆ. ಆ ಶಾಖವೇ ಕ್ರಿಯೆಯನ್ನು ಇನ್ನಷ್ಟು ತ್ವರಿತಗೊಳಿಸುತ್ತದೆ. ಪ್ರತಿಬಂಧಕದ ಕೊರತೆ, ಶೀತಲೀಕರಣದ ಲೋಪ ಮತ್ತು ಉಷ್ಣತಾಮಾಪನದ ಲೋಪಗಳನ್ನು ಆಂಧ್ರಪ್ರದೇಶ ಸರ್ಕಾರದ ಉನ್ನತಾಧಿಕಾರ ಸಮಿತಿ ಎತ್ತಿ ತೋರಿಸಿತು. ಉತ್ಪಾದನೆ ನಿಂತಿತ್ತು, ಕ್ರಿಯೆ ನಿಂತಿರಲಿಲ್ಲ.

ಇನ್ನು ಲೆಕ್ಕಪತ್ರದ ಮಾತು. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಸತ್ವ ಕಳೆದುಕೊಂಡ ಸರಕನ್ನು ಖರೀದಿ ಬೆಲೆಗೇ ತೋರಿಸಿದರೆ ಇಲ್ಲದ ಲಾಭವನ್ನು ತೋರಿಸಿ ಅದಕ್ಕೆ ತೆರಿಗೆಯನ್ನೂ ಕಟ್ಟಿದಂತಾಗುತ್ತದೆ. ನಾಶವಾದ ಅಥವಾ ಪುಸ್ತಕದಿಂದ ತೆಗೆದುಹಾಕಿದ ಸರಕಿಗೆ ಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ಹೂಡುವಳಿ ತೆರಿಗೆಯ ಜಮೆ ದೊರೆಯದು. ಸರಕು ತಾನಾಗಿ ಕಾವೇರಿ ಹೊತ್ತಿಕೊಂಡರೆ ಪರಿಹಾರ ದೊರೆಯುವುದೇ ಎಂಬುದನ್ನು ವಿಮಾ ಪಾಲಿಸಿಯಲ್ಲಿ ಓದಿ ಖಚಿತಪಡಿಸಿಕೊಳ್ಳಿ.

ಮೇಲೆ ಹೇಳಿದ ಗೋದಾಮಿನ ಮಾಲೀಕರು ಆನಂತರ ಚಾವಣಿಗೆ ಬಿಳಿ ಬಣ್ಣ ಬಳಿಸಿ, ಗಾಳಿಕಿಂಡಿ ಇರಿಸಿ, ಮೊದಲು ಬಂದ ಸರಕನ್ನು ಮೊದಲು ಕಳುಹಿಸುವ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸತೊಡಗಿದರು. ದಾಸ್ತಾನು ಪುಸ್ತಕದಲ್ಲಿ ಸಂಖ್ಯೆಯ ಪಕ್ಕದಲ್ಲಿ ದಿನಾಂಕಕ್ಕೂ ಸತ್ವಕ್ಕೂ ಒಂದೊಂದು ಅಂಕಣ ತೆರೆದರು. ಅಂಥ ಎರಡು ಅಂಕಣಗಳನ್ನು ನಮ್ಮ ಸದಸ್ಯರೂ ಈ ತಿಂಗಳಿನಿಂದಲೇ ತೆರೆಯಬಹುದು.