ಹಿರಿಯರಿಗೆ ಯಾವ ಫೋನ್?

ಮನೆಯ ಹಿರಿಯರಿಗೆ ಆಂಡ್ರಾಯ್ಡ್ ಫೋನ್ ಕೊಡಿಸುವುದೋ, ಐಫೋನೋ ಎಂದು ಯೋಚಿಸುತ್ತಿದ್ದೀರಾ? ಮಧುಮೇಹ, ಹೃದ್ರೋಗ ಇರುವವರು ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಅವರ ಕಾಯಿಲೆ, ಔಷಧಿಗಳ ವಿವರ ಅಪರಿಚಿತರಿಗೆ ತಿಳಿಯುವುದು ಹೇಗೆ? ಐಫೋನಿನಲ್ಲಿ 2014ರಿಂದ ‘ಮೆಡಿಕಲ್ ಐಡಿ’, ಆಂಡ್ರಾಯ್ಡ್‌ನಲ್ಲಿ 2016ರಿಂದ ‘ಎಮರ್ಜೆನ್ಸಿ ಇನ್ಫರ್ಮೇಶನ್’ ಎಂಬ ಸೌಲಭ್ಯವಿದೆ. ಫೋನ್ ಲಾಕ್ ಆಗಿದ್ದರೂ ‘ಎಮರ್ಜೆನ್ಸಿ’ ಒತ್ತಿ ಇದನ್ನು ಓದಬಹುದು. ಈ ಮಟ್ಟಿಗೆ ಎರಡೂ ಸಮ.

ಆದರೆ ವಿವರ ತುಂಬದಿದ್ದರೆ ಯಾವ ಫೋನೂ ನೆರವಾಗದು. ಆದ್ದರಿಂದ ಹಿರಿಯರಿಗೆ ಕಲಿಸಿಕೊಡುವವರು ಬಳಸುವ ಬಗೆಯ ಫೋನನ್ನೇ ಆರಿಸಿ. ಕೊಂಡ ದಿನವೇ ಕಾಯಿಲೆ, ಔಷಧಿ, ಅಲರ್ಜಿ, ರಕ್ತದ ಗುಂಪು, ಹತ್ತಿರದವರ ನಂಬರು ತುಂಬಿ. ಲಾಕ್ ಆದಾಗಲೂ ಕಾಣುವುದೇ ಎಂದು ಪರೀಕ್ಷಿಸಿ. ವೈದ್ಯರು ಔಷಧಿ ಬದಲಿಸಿದಾಗ ಇಲ್ಲಿಯೂ ತಿದ್ದಲು ಮರೆಯದಿರಿ. ಜೇಬಿನಲ್ಲೊಂದು ಚೀಟಿಯೂ ಇರಲಿ. ಬ್ಯಾಟರಿ ಮುಗಿದಾಗ ಅದೇ ಆಸರೆ.